ಕಾಯಿಲ್ ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ಸರ್, ಪ್ರಾಜೆಕ್ಟಿಗೆಂದು 40 ಮಿ.ಮೀ. ಪಿವಿಸಿ ಪೈಪಿನ ಮೇಲೆ 26 ಗೇಜ್ ತಾಮ್ರದ ತಂತಿಯನ್ನು ಒಂದೇ ಪದರದಲ್ಲಿ 200 ಸುತ್ತು ಸುತ್ತಿದ್ದೇನೆ. ಸುತ್ತಿದ ಭಾಗದ ಉದ್ದ 10 ಸೆಂ.ಮೀ. ಸೂತ್ರದ ಪ್ರಕಾರ ಈ ಕಾಯಿಲಿನ ಇಂಡಕ್ಟೆನ್ಸ್ (ಕರೆಂಟಿನ ಏರಿಳಿತಕ್ಕೆ ಸುರುಳಿ ಒಡ್ಡುವ ಅಡ್ಡಿಯ ಅಳತೆ) 2.53 ಮಿಲಿಹೆನ್ರಿ ಬರುತ್ತದೆ. ಅದನ್ನು ಅಳೆಯುವ ಎಲ್‌ಸಿಆರ್ ಮೀಟರ್ ಮಾತ್ರ 0.55 ತೋರಿಸುತ್ತಿದೆ. ಮೀಟರ್ ಕೆಟ್ಟಿದೆ ಎಂದು ರಿಪೋರ್ಟಿನಲ್ಲಿ ಬರೆಯಬಹುದೇ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಬೇಡಮ್ಮ, ಪಾಪ, ಆ ಮೀಟರ್ ಸರಿಯಾಗಿಯೇ ಇದೆ. ನಿನ್ನ 2.53ನ್ನು ಸುಮ್ನೆ 4ರಿಂದ ಭಾಗಿಸಿ ನೋಡಿದೆ. 0.63 ಬಂತು. ಅಲ್ಲಿಗೆ ಮೊದಲನೇ ಕಳ್ಳ ಸಿಕ್ಕಿಬಿದ್ದ. 40 ಮಿ.ಮೀ. ಅಂದರೆ ಪೈಪಿನ ವ್ಯಾಸ. ನೀನು ಅದನ್ನೇ ತ್ರಿಜ್ಯ ಅಂತ ಹಾಕಿದ್ದೀಯ. ತ್ರಿಜ್ಯ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು, ಉತ್ತರವೂ ನಾಲ್ಕು ಪಟ್ಟು. ಅಂಗಡಿಯವರು ಪೈಪನ್ನು ವ್ಯಾಸದಲ್ಲಿ ಮಾರುತ್ತಾರೆ, ಪುಸ್ತಕದವರು ತ್ರಿಜ್ಯದಲ್ಲಿ ಕೇಳುತ್ತಾರೆ. ಮೂವತ್ತು ವರ್ಷ ದಾವಣಗೆರೆಯಲ್ಲಿ ಪಾಠ ಮಾಡಿದ್ದೇನೆ, ಪ್ರತಿ ವರ್ಷ ಈ ತಪ್ಪು ನೋಡಿದ್ದೇನೆ. ಓದುವಾಗ ನಾನೂ ಮಾಡಿದ್ದೆ.

ಸೂತ್ರ ಇಷ್ಟೇ: ಮ್ಯೂ ನಾಟ್, ಸುತ್ತಿನ ವರ್ಗ, ಸುರುಳಿಯ ಬಾಯಿಯ ವಿಸ್ತೀರ್ಣ, ಈ ಮೂರನ್ನೂ ಗುಣಿಸಿ ಉದ್ದದಿಂದ ಭಾಗಿಸಬೇಕು. ಮ್ಯೂ ನಾಟ್ ಅಂದರೆ ಖಾಲಿ ಜಾಗದ ಕಾಂತಗುಣ ಹೇಳುವ, ಬದಲಾಗದ ಒಂದು ಸಂಖ್ಯೆ; ಮೀಟರಿಗೆ ಸುಮಾರು 1.257 ಮೈಕ್ರೊಹೆನ್ರಿ. ತ್ರಿಜ್ಯ 2 ಸೆಂ.ಮೀ. ಆದ್ದರಿಂದ ವಿಸ್ತೀರ್ಣ 12.57 ಚದರ ಸೆಂ.ಮೀ. 200ರ ವರ್ಗ 40,000. ಎಲ್ಲವನ್ನೂ ಮೀಟರಿಗೆ ತಂದು ಲೆಕ್ಕ ಹಾಕು, 0.63 ಮಿಲಿಹೆನ್ರಿ ಬರುತ್ತದೆ.

ಆದರೂ ಮೀಟರಿನ 0.55ಕ್ಕೆ ಇದು ಜಾಸ್ತಿಯೇ, ಅಲ್ವಾ? ಇಲ್ಲಿ ನಿನ್ನ ತಪ್ಪಿಲ್ಲ, ಸೂತ್ರದ್ದೇ ತಪ್ಪು.

ಸುತ್ತಿನ ಸಂಖ್ಯೆಗೆ ವರ್ಗ ಯಾಕೆ ಅಂತ ಮೊದಲು ನೋಡೋಣ. ಏಳು ಸುತ್ತಿನ ಕೋಟೆಯ ಊರಿನವಳು ನೀನು, ಏಳೇ ಸುತ್ತು ತಗೋ. ಕೋಟೆಯ ಸುತ್ತುಗಳು ಒಂದರೊಳಗೊಂದು ಇವೆ, ನಮ್ಮ ಸುತ್ತುಗಳು ಪಕ್ಕಪಕ್ಕ. ಕರೆಂಟ್ ಹರಿದರೆ ಒಂದೊಂದು ಸುತ್ತೂ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಆ ಕ್ಷೇತ್ರ ಏಳೂ ಸುತ್ತಿನ ಒಳಗೆ ಹಾದುಹೋಗುತ್ತದೆ. ಹುಟ್ಟಿಸುವವರು ಏಳು, ಅನುಭವಿಸುವವರು ಏಳು. ಏಳೇಳಲಿ ನಲವತ್ತೊಂಬತ್ತು.

ಆದರೆ ಮೊದಲನೇ ಸುತ್ತಿನ ಕ್ಷೇತ್ರ ಪೂರ್ತಿಯಾಗಿ ಕೊನೆಯ ಸುತ್ತಿನವರೆಗೂ ತಲುಪುತ್ತದೆಯೇ? ಇಲ್ಲ. ದಾರಿಯಲ್ಲಿ ಅಷ್ಟಿಷ್ಟು ಹೊರಗೆ ಸೋರುತ್ತದೆ. ಸುರುಳಿಯ ಬಾಯಿಯ ಹತ್ತಿರ ಕ್ಷೇತ್ರ ನಡುವಿನದರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಪುಸ್ತಕದ ಸೂತ್ರ ಈ ಸೋರಿಕೆಯನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅದು ಕೊನೆಯೇ ಇಲ್ಲದಷ್ಟು ಉದ್ದದ ಸುರುಳಿಗೆ ಬರೆದ ಸೂತ್ರ. ನಿನ್ನ ಸುರುಳಿಯ ಉದ್ದ ಅದರ ವ್ಯಾಸದ ಎರಡೂವರೆ ಪಟ್ಟು ಮಾತ್ರ.

ಈ ಸೋರಿಕೆಗೆ ಜಪಾನಿನ ಹಂತಾರೊ ನಾಗಾವೊಕಾ 1909ರಲ್ಲಿ ಒಂದು ಕೋಷ್ಟಕ ಮಾಡಿಕೊಟ್ಟರು. ನಿನ್ನ ಅಳತೆಯ ಸುರುಳಿಗೆ ಅದರಲ್ಲಿ ಸಿಗುವುದು 0.85. ಅಷ್ಟರಿಂದ ಗುಣಿಸಿದರಾಯಿತು. ಕೋಷ್ಟಕ ಹುಡುಕುವ ಗೋಜು ಬೇಡವಾದರೆ ಅಮೆರಿಕದ ಹೆರಾಲ್ಡ್ ವೀಲರ್ 1928ರಲ್ಲಿ ಕೊಟ್ಟ ಉಪಾಯ ಇದೆ. ರೇಡಿಯೊ ಕಾಯಿಲ್ ಸುತ್ತುವವರಿಗೆ ಅಂತಲೇ ಮಾಡಿದ್ದು, ನನಗಂತೂ ತುಂಬಾ ಇಷ್ಟ. ಭಾಗಿಸುವಾಗ ಬರೀ ಉದ್ದದಿಂದ ಭಾಗಿಸಬೇಡ, ಉದ್ದಕ್ಕೆ ತ್ರಿಜ್ಯದ 0.9ರಷ್ಟು ಸೇರಿಸಿಕೊಂಡು ಭಾಗಿಸು. 10ರ ಬದಲು 11.8 ಸೆಂ.ಮೀ. ಉತ್ತರ 0.535 ಮಿಲಿಹೆನ್ರಿ.

ಈಗ ಲೆಕ್ಕವೇ ಮೀಟರಿಗಿಂತ ಚೂರು ಕೆಳಗೆ ಹೋಯಿತು! ಕರೆಂಟ್ ಹರಿಯುವುದು ಪೈಪಿನ ಮೈಯಲ್ಲಲ್ಲ, ತಂತಿಯಲ್ಲಿ. ಆದ್ದರಿಂದ ತ್ರಿಜ್ಯವನ್ನು ತಂತಿಯ ನಡುವಿನವರೆಗೆ ಹಿಡಿಯಬೇಕು. ಎನಾಮಲ್ ಸೇರಿ ತಂತಿಯ ದಪ್ಪ ಅರ್ಧ ಮಿ.ಮೀ., ಅದರ ಅರ್ಧ 0.25. ತ್ರಿಜ್ಯ 20.25 ಮಿ.ಮೀ. ಅಂತ ಹಾಕಿದರೆ 0.548 ಬರುತ್ತದೆ. ಇನ್ನೇನು ಬೇಕು ಹೇಳು.

ನಿನ್ನ ಪತ್ರ ಬಂದ ದಿನವೇ ನಾನೂ ಮನೆಯಲ್ಲಿ ಬಿದ್ದಿದ್ದ ಪೈಪಿನ ತುಂಡಿಗೆ ಸುತ್ತಲು ಕೂತೆ. ತಂತಿಯನ್ನು ಪಿ.ಬಿ. ರಸ್ತೆಯ ರಿವೈಂಡಿಂಗ್ ಅಂಗಡಿಯಿಂದ ತೂಕದ ಲೆಕ್ಕದಲ್ಲಿ ತಂದಿದ್ದೆ. ಇಪ್ಪತ್ತೈದು ಮೀಟರಿಗೆ 40 ಗ್ರಾಂ ಕೂಡ ಬೇಕಾಗುವುದಿಲ್ಲ. 140ನೇ ಸುತ್ತಿಗೆ ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದ. ಎದ್ದು ಹೋಗಿ ಬರುವಷ್ಟರಲ್ಲಿ ತಂತಿ ಸಡಿಲ, ಲೆಕ್ಕ ಮರೆತುಹೋಗಿತ್ತು. ಪ್ರತಿ 20 ಸುತ್ತಿಗೊಮ್ಮೆ ಸ್ಕೆಚ್ ಪೆನ್ನಿನಲ್ಲಿ ಒಂದು ಚುಕ್ಕೆ ಇಡು. 200 ಅಂದುಕೊಂಡು 195 ಸುತ್ತಿದ್ದರೆ ಸುತ್ತಿನಲ್ಲಿ ತಪ್ಪು ಎರಡೂವರೆ ಪರ್ಸೆಂಟ್, ಇಂಡಕ್ಟೆನ್ಸಿನಲ್ಲಿ ಐದು.

ಇಂಡಕ್ಟೆನ್ಸ್ ಜಾಸ್ತಿ ಬೇಕಾದರೆ ಇದರ ಮೇಲೆಯೇ ಇನ್ನೊಂದು ಪದರ 200 ಸುತ್ತು ಹಾಕು, ಹತ್ತಿರಹತ್ತಿರ ನಾಲ್ಕು ಪಟ್ಟಾಗುತ್ತದೆ. ಅದೇ 200ನ್ನು ಪಕ್ಕಕ್ಕೆ ಮುಂದುವರಿಸಿ 20 ಸೆಂ.ಮೀ. ಮಾಡಿದರೆ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎರಡನೇ ಪದರವನ್ನೂ ಪೈಪ್ ತಿರುಗಿಸುವ ದಿಕ್ಕು ಬದಲಿಸದೆ ಸುತ್ತಬೇಕು. ಉಲ್ಟಾ ಸುತ್ತಿದರೆ ಒಂದು ಪದರದ ಕ್ಷೇತ್ರವನ್ನು ಇನ್ನೊಂದು ತಿಂದುಹಾಕುತ್ತದೆ.

ಪ್ರಶ್ನೆ: ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಮಾಡುತ್ತೇನೆ. ನಮ್ಮ ಹುಡುಗ ಹತ್ತು ಸುತ್ತಿಗೆ ಒಂದರಂತೆ ಕಡಿಮೆ ಹಾಕಿಬಿಟ್ಟ. ತಂತಿ ಅದೇ ಗೇಜ್. ಲೋಡ್ ಇಲ್ಲದೆಯೇ ಆಂಪ್ಸ್ ಜಾಸ್ತಿ ತೋರಿಸಿ ಮೋಟರ್ ಬಿಸಿಯಾಗುತ್ತಿದೆ. ಇಷ್ಟಕ್ಕೇ ಹೀಗಾಗುತ್ತದಾ?
— ಓದುಗರು, ದಾವಣಗೆರೆ

ಉತ್ತರ: ಆಗುತ್ತದೆ. ಮೇಲೆ ಆ ಹುಡುಗಿಗೆ ಹೇಳಿದ ವರ್ಗದ ಲೆಕ್ಕವೇ ಇಲ್ಲೂ ನಡೆಯುವುದು. ಸುತ್ತು 0.9 ಆದರೆ ಇಂಡಕ್ಟೆನ್ಸ್ 0.81. ಎಸಿ ಕರೆಂಟಿಗೆ ಅಡ್ಡ ನಿಲ್ಲುವುದೇ ಅದು. ಅದು ಇಳಿದರೆ ಕಬ್ಬಿಣವನ್ನು ಕಾಂತ ಮಾಡುವ ಕರೆಂಟ್ ಸುಮಾರು 23 ಪರ್ಸೆಂಟ್ ಏರುತ್ತದೆ. ಮೋಟರಿನಲ್ಲಿ ಕಬ್ಬಿಣವೂ ಇದೆಯಲ್ಲ. ಅದು ಒಂದು ಮಟ್ಟದ ಮೇಲೆ ಕಾಂತಕ್ಷೇತ್ರವನ್ನು ಸುಲಭವಾಗಿ ಹೊರುವುದಿಲ್ಲ. ಆಗ ಆಂಪ್ಸ್ ಈ ಲೆಕ್ಕಕ್ಕಿಂತಲೂ ಮೇಲೇರುತ್ತದೆ. ತಂತಿ ಕಾಯುವುದು ಕರೆಂಟಿನ ವರ್ಗದಂತೆ, ಹಾಗಾಗಿ ಬಿಸಿ ಬೇಗ ಗೊತ್ತಾಗುತ್ತದೆ. ಇದನ್ನು ಬಿಚ್ಚಿ ಮತ್ತೆ ಸುತ್ತುವುದೇ ದಾರಿ. ಹಳೆ ವೈಂಡಿಂಗ್ ಕತ್ತರಿಸುವ ಮೊದಲು ಸುತ್ತು ಎಣಿಸಿ ಬರೆದಿಟ್ಟುಕೊಂಡಿರುತ್ತೀರಲ್ಲ, ಆ ಚೀಟಿ ಈ ಸಲ ಹುಡುಗನ ಕಣ್ಣೆದುರಿಗೇ ಇರಲಿ.