ಸ್ಟಾರ್ ವಾರ್ಸ್ ಸಂಗೀತದಲ್ಲಿ ನನ್ನ ಮೊದಲ ಆಯ್ಕೆ ಫೋರ್ಸ್ ಥೀಮ್

ನೀವು ಕೇಳಿದ್ದು: ಸ್ಟಾರ್ ವಾರ್ಸ್ ಸಿನಿಮಾಗಳ ಆರ್ಕೆಸ್ಟ್ರಾ ಥೀಮ್‌ಗಳಲ್ಲಿ ಯಾವುದು ಹೆಚ್ಚು ಇಷ್ಟ? ಖಳನಾಯಕ ಡಾರ್ತ್ ವೇಡರ್‌ನ ಮಾರ್ಚ್ (ನಡಿಗೆಯ ತಾಳದ ಸಂಗೀತ) ಬಿಟ್ಟರೆ ಕೇಳುವಂಥದ್ದು ಏನಾದರೂ ಇದೆಯಾ?

ಬೇಕಾದಷ್ಟಿದೆ. ನನಗೆ ಎಲ್ಲಕ್ಕಿಂತ ಇಷ್ಟ ಫೋರ್ಸ್ ಥೀಮ್. ಫೋರ್ಸ್ ಅಂದರೆ ಆ ಕಥೆಯಲ್ಲಿ ಬರುವ, ಕಣ್ಣಿಗೆ ಕಾಣದ ಶಕ್ತಿ. ಥೀಮ್ ಅಂದರೆ ಒಂದು ಪಾತ್ರಕ್ಕೋ ಭಾವಕ್ಕೋ ಮತ್ತೆ ಮತ್ತೆ ಬರುವ ರಾಗ. ಅದರಲ್ಲೂ 1977ರ ಮೊದಲ ಸಿನಿಮಾದಲ್ಲಿ ನಾಯಕ ಲ್ಯೂಕ್ ಮನೆಯಿಂದ ಹೊರಗೆ ಬಂದು, ಮುಳುಗುತ್ತಿರುವ ಎರಡು ಸೂರ್ಯರನ್ನು ನೋಡುತ್ತಾ ನಿಲ್ಲುತ್ತಾನಲ್ಲ, ಅಲ್ಲಿ ಬರುವ ರೂಪ.

ನಮ್ಮೂರು ದಾವಣಗೆರೆ. ನಾನು ಹಾರ್ಮೋನಿಯಂ ನುಡಿಸುತ್ತೇನೆ, ಹೆಚ್ಚಾಗಿ ವಚನ ಮತ್ತು ಭಜನೆಗೆ. ಹಾಗಾಗಿ ಎಲ್ಲವನ್ನೂ ಸರಿಗಮದಲ್ಲೇ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಹಾರ್ಮೋನಿಯಂ ಅಥವಾ ಕೀಬೋರ್ಡ್ ಇದ್ದರೆ ನುಡಿಸಿ ನೋಡಿ. ಸುಮ್ನೆ ಓದುವುದಕ್ಕಿಂತ ಬೇಗ ಗೊತ್ತಾಗುತ್ತದೆ.

ಮೊದಲು ಆ ಸಂದರ್ಭ. ಲ್ಯೂಕ್‌ಗೆ ಊರು ಬಿಟ್ಟು ಅಕಾಡೆಮಿ ಸೇರುವ ಆಸೆ. ಚಿಕ್ಕಪ್ಪ ಬಿಡುವುದಿಲ್ಲ. ಕೊಯ್ಲಿನ ಹೊತ್ತಿಗೆ ನೀನು ಇಲ್ಲಿ ಬೇಕು, ಇನ್ನೊಂದು ವರ್ಷ ಇರು ಅಂತಾನೆ. ಭದ್ರಾ ನಾಲೆಯ ನೀರಲ್ಲಿ ಭತ್ತ ಬೆಳೆಯುವ ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಈ ಮಾತು ನಡೆದಿಲ್ಲ ಹೇಳಿ. "ಈ ಬೆಳೆ ಒಂದು ಕೈಗೆ ಬರ್ಲಿ, ಆಮೇಲೆ ಹೋಗೀಯಂತೆ." ಲ್ಯೂಕ್ ಸ್ವಲ್ಪ ವಾದ ಮಾಡಿ, ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಾನೆ. ಆಮೇಲೆ ಒಂದು ಫ್ರೆಂಚ್ ಹಾರ್ನ್ (ಊದುವ ಹಿತ್ತಾಳೆ ವಾದ್ಯ) ಒಂಟಿಯಾಗಿ ಶುರುವಾಗುತ್ತದೆ.

ಮಂದ್ರದ ಪ. ಅಲ್ಲಿಂದ ಸ, ರಿ, ಕೋಮಲ ಗ. ಶುರುವಾಗುವುದು ಇಷ್ಟರಿಂದಲೇ. ಒಂದೊಂದೇ ಮೆಟ್ಟಿಲು ಹತ್ತುವ ಸ್ವರಗಳು, ಅವಸರ ಇಲ್ಲ. ಹಾರ್ನ್ ಹೇಳಿ ಮುಗಿಸಿದ್ದನ್ನು ಪಿಟೀಲುಗಳೆಲ್ಲ ಒಟ್ಟಿಗೆ ಎತ್ತಿಕೊಂಡಾಗ ಇಡೀ ಆರ್ಕೆಸ್ಟ್ರಾ ತುಂಬಿ ಬರುತ್ತದೆ. ಲ್ಯೂಕ್ ಅಲ್ಲಿ ಒಂದು ಮಾತೂ ಆಡುವುದಿಲ್ಲ. ಆಡಬೇಕಾದ್ದನ್ನೆಲ್ಲ ಸಂಗೀತ ಆಡುತ್ತದೆ. ಈ ಜಾಗಕ್ಕೆ ಈ ಸಿನಿಮಾಗಳ ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್ ಮೊದಲು ಬರೆದದ್ದು ಬೇರೆಯದೇ ಸಂಗೀತ. ಆ ಹಳೆಯ ರೂಪವೂ ಕೇಳಲು ಸಿಗುತ್ತದೆ. ಅದು ಜಾಸ್ತಿ ಕತ್ತಲೆಯದ್ದು. ಎರಡನ್ನೂ ಕೇಳಿದರೆ ಬದಲಾಯಿಸಿದ್ದು ಎಷ್ಟು ಸರಿ ಅಂತ ಅನ್ನಿಸುತ್ತದೆ.

ಈ ಥೀಮನ್ನು ನಾನು ಮೇಲಿಡುವುದಕ್ಕೆ ಇದೊಂದೇ ಕಾರಣ ಅಲ್ಲ. ಮೊದಲು ಇದು ಲ್ಯೂಕ್‌ನ ಗುರು, ಮುದುಕ ಒಬಿ-ವಾನ್ ಕೆನೋಬಿಯ ರಾಗವಾಗಿತ್ತು. ಆದರೆ ಅವನೊಬ್ಬನ ಹತ್ತಿರ ನಿಲ್ಲಲಿಲ್ಲ. ಲ್ಯೂಕ್ ವಾಪಸ್ ಬಂದು ಸುಟ್ಟುಹೋದ ಮನೆ ನೋಡಿದಾಗ ಇದೇ ರಾಗ ನೋವಿನಿಂದ ಕೂಗುತ್ತದೆ. ಕೊನೆಯಲ್ಲಿ ಪದಕ ಕೊಡುವ ಸಭೆಗೆ ನಡೆದು ಬರುವಾಗ ಇದೇ ರಾಗ ಹಿತ್ತಾಳೆ ವಾದ್ಯಗಳಲ್ಲಿ ಗತ್ತಿನ ಮೆರವಣಿಗೆ ಆಗುತ್ತದೆ. 1983ರ ಸಿನಿಮಾದಲ್ಲಿ ಲ್ಯೂಕ್ ತನ್ನ ತಂದೆ ವೇಡರ್‌ನ ಚಿತೆಗೆ ಬೆಂಕಿ ಇಡುವಾಗ ಇದೇ. 2005ರ ಸಿನಿಮಾ ಮುಗಿಯುವಾಗ, ಅದೇ ಎರಡು ಸೂರ್ಯರ ಎದುರು ಚಿಕ್ಕಪ್ಪ, ಚಿಕ್ಕಮ್ಮ ಕೂಸು ಲ್ಯೂಕ್‌ನನ್ನು ಎತ್ತಿಕೊಂಡು ನಿಂತಾಗ ಮತ್ತೆ ಇದೇ. 2017ರಲ್ಲಿ ಆ ಕೂಸು ಮುದುಕನಾಗಿ ಕಣ್ಮುಚ್ಚುವಾಗಲೂ ಇದೇ. ಒಂದು ಥೀಮ್ ದೊಡ್ಡದೋ ಅಲ್ಲವೋ ಎನ್ನುವುದನ್ನು ಮೊದಲ ಸಲ ಕೇಳಿದಾಗ ಎಷ್ಟು ಚೆನ್ನಾಗಿತ್ತು ಅಂತ ಅಳೆಯಬಾರದು, ಅದು ಎಲ್ಲೆಲ್ಲಿ ಹೋಗಿ ಏನೇನು ಹೊರಬಲ್ಲದು ಅಂತ ನೋಡಬೇಕು. ನನ್ನ ಇಷ್ಟಗಳೆಲ್ಲ ಈ ಲೆಕ್ಕದಲ್ಲೇ ನಿಂತಿವೆ.

ಈಗ ಮಾರ್ಚ್ ವಿಷಯ. ಅದನ್ನು ಬಿಟ್ಟು ಹೇಳಿ ಅಂದಿದ್ದೀರಿ, ಆದರೆ ಒಂದು ಮಾತು ಹೇಳಲೇಬೇಕು. 1977ರ ಸಿನಿಮಾದಲ್ಲಿ ಈ ಮಾರ್ಚ್ ಇಲ್ಲವೇ ಇಲ್ಲ. ಅದು ಬಂದದ್ದು 1980ರ ಎರಡನೇ ಸಿನಿಮಾದಲ್ಲಿ. ಬಿಳಿ ಐದರ ಶ್ರುತಿ ಇಟ್ಟು ನುಡಿಸಿ: ಸ ಸ ಸ, ಕೆಳಗಿನ ಕೋಮಲ ಧ, ಮೇಲೆ ಕೋಮಲ ಗ, ಮತ್ತೆ ಸ. ಬರೀ ಈ ಸ್ವರಗಳಲ್ಲಿ ಅಷ್ಟೇನೂ ಭಯ ಇಲ್ಲ. ಭಯ ಇರುವುದು ರಾಗದ ಕೆಳಗೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನಲ್ಲಿ, ಅಂದರೆ ಕಾರ್ಡ್‌ನಲ್ಲಿ. ಮೊದಲ ಕಾರ್ಡ್ ಸ, ಕೋಮಲ ಗ, ಪ. ರಾಗ ಧ ಕ್ಕೆ ಇಳಿದಾಗ ಕಿವಿ ಅದರ ಜೊತೆ ಸ ಇರುತ್ತದೆ ಅಂತ ಕಾಯುತ್ತದೆ. ವಿಲಿಯಮ್ಸ್ ಅಲ್ಲಿ ಸ ಕೊಡುವುದಿಲ್ಲ, ಅದರ ಪಕ್ಕದ ಶುದ್ಧ ನಿ ತಂದು ಕೂರಿಸುತ್ತಾರೆ. ಧ, ನಿ, ಗ ಮೂರನ್ನೂ ಒಟ್ಟಿಗೆ ಒತ್ತಿ ನೋಡಿ. ಷಡ್ಜ ಕೈಯಿಂದ ಜಾರಿಬಿಡುತ್ತದೆ. ವೇಡರ್‌ನ ಗತ್ತೆಲ್ಲ ಹಾರ್ಮೋನಿಯಂನ ಆ ಒಂದು ಮನೆಯ ವ್ಯತ್ಯಾಸದಲ್ಲಿದೆ.

ಆದರೆ ಈ ಮಾರ್ಚ್‌ನಲ್ಲಿ ನಾನು ಮತ್ತೆ ಮತ್ತೆ ಕೇಳುವುದು ಗದ್ದಲದ ಭಾಗವನ್ನಲ್ಲ. 1983ರಲ್ಲಿ ವೇಡರ್ ಸಾಯುವಾಗ ಇದೇ ರಾಗ ತೀರಾ ಮೆತ್ತಗೆ ಬರುತ್ತದೆ. ಡ್ರಮ್ ಇಲ್ಲ, ತುತ್ತೂರಿ ಇಲ್ಲ. ಕೊನೆಗೆ ಹಾರ್ಪ್ ಒಂದೇ ಉಳಿದು, ಒಂದೊಂದೇ ಸ್ವರ ಬಿಡಿಸಿ ಹೇಳುತ್ತದೆ. ಸೈನ್ಯ ನಡೆಸಿದ ರಾಗ ಅಪ್ಪನೊಬ್ಬನ ಕೊನೆಯುಸಿರಾಗಿ ಮುಗಿಯುತ್ತದೆ. ನನ್ನ ಎರಡನೇ ಆಯ್ಕೆ ಅದು. ಮಾರ್ಚ್ ಬೇಸರ ಬಂದಿದ್ದರೆ ಇದನ್ನೊಂದು ಕೇಳಿ, ಬೇಸರ ಹೋಗುತ್ತದೆ.

ಮೂರನೆಯದು ಎಲ್ಲರಿಗೂ ಗೊತ್ತಿರುವ ಟೈಟಲ್ ಸಂಗೀತ. ಎಲ್ಲರಿಗೂ ಗೊತ್ತು ಅಂತ ಅದನ್ನು ಕೆಳಗಿಡಲು ನನಗೆ ಮನಸ್ಸಿಲ್ಲ. ಕಪ್ಪು ಐದರ ಶ್ರುತಿ, ಶಂಕರಾಭರಣದ ಸ್ವರಗಳು. ಸ, ಪ, ಥಟ್ಟನೆ ಮ ಗ ರಿ, ಮೇಲಿನ ಸ, ಪ. ಲಂಡನ್ ಸಿಂಫನಿ ಆರ್ಕೆಸ್ಟ್ರಾ ಇದನ್ನು ರೆಕಾರ್ಡ್ ಮಾಡಿದ್ದು 1977ರ ಮಾರ್ಚ್ ತಿಂಗಳಲ್ಲಿ, ಲಂಡನ್ ಹತ್ತಿರದ ಡೆನಮ್‌ನಲ್ಲಿ. ಆವತ್ತು ಮೊದಲ ಟ್ರಂಪೆಟ್ ಹಿಡಿದಿದ್ದವರು ಮಾರಿಸ್ ಮರ್ಫಿ, ಆರ್ಕೆಸ್ಟ್ರಾಕ್ಕೆ ಹೊಸಬರು. ಮೊದಲ ಆರು ಸಿನಿಮಾಗಳಲ್ಲಿ ಆ ಎತ್ತರದ ಸ್ವರಗಳು ಅವರವು.

ಮರ್ಫಿ ಬೆಳೆದು ಬಂದದ್ದು ಬ್ರಾಸ್ ಬ್ಯಾಂಡ್‌ಗಳಲ್ಲಿ. ಬ್ಲ್ಯಾಕ್ ಡೈಕ್ ಮಿಲ್ಸ್ ಬ್ಯಾಂಡ್‌ನಲ್ಲಿ ಮುಖ್ಯ ಕಾರ್ನೆಟ್ (ಟ್ರಂಪೆಟ್‌ನಂಥ ವಾದ್ಯ) ವಾದಕರಾಗಿದ್ದರು. ಅದು ಯಾರ್ಕ್‌ಶೈರ್‌ನ ಒಂದು ಬಟ್ಟೆ ಗಿರಣಿಯ ಬ್ಯಾಂಡ್. ಇದನ್ನು ಓದಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ನಮ್ಮೂರನ್ನೂ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರಲ್ಲ. ಜಗತ್ತೇ ಕೇಳಿದ ಆ ಟ್ರಂಪೆಟ್ ಗಿರಣಿ ಊರಿನ ಬ್ಯಾಂಡ್‌ನಲ್ಲಿ ಪಳಗಿದ ಉಸಿರಿನದು.

ಇಲ್ಲಿನ ಬ್ಯಾಂಡ್‌ಸೆಟ್‌ನವರ ಉಸಿರೂ ಕಮ್ಮಿ ಅಲ್ಲ. ನಮ್ಮ ಸಂಬಂಧಿಕರ ಮದುವೆ ಮೆರವಣಿಗೆ ಪಿ.ಜೆ. ಬಡಾವಣೆಯಲ್ಲಿ ಹೊರಡುವ ಮೊದಲು ಟ್ರಂಪೆಟ್ ಊದುವವರಿಗೆ ಈ ಟೈಟಲ್ ಸಂಗೀತ ಕೇಳಿಸಿದೆ. ಅವರು ಫೋನನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳಲ್ಲಿ ಊದದೆ ಬರೀ ಗುಂಡಿ ಒತ್ತುತ್ತಾ ನಿಂತರು. ಮತ್ತೊಂದು ಸಲ ಹಾಕಿ ಅಂದರು. "ಶಂಕರಾಭರಣನೇ ಅಲ್ಲೇನ್ರಿ ಇದು? ಆದ್ರೆ ಮ್ಯಾಲಿನ ಸ ಭಾಳ ಸಲ ಬರ್ತೈತಿ, ತುಟಿ ಸೋತು ಹೋಗ್ತಾವ್ರಿ." ಆಮೇಲೆ ನುಡಿಸಿಯೂ ನುಡಿಸಿದರು. ಸೈಡ್ ಡ್ರಮ್‌ನವನು ತನಗೆ ತಿಳಿದ ಪೆಟ್ಟು ಹಾಕಿದ, ಮದುಮಗನ ಗೆಳೆಯರು ಕುಣಿದರು. ತುಟಿಯ ಮಾತು ನೂರಕ್ಕೆ ನೂರು ನಿಜ. ಅಷ್ಟು ಎತ್ತರದಲ್ಲಿ ಅಷ್ಟು ಹೊತ್ತು ಟ್ರಂಪೆಟ್ ಸ್ವಚ್ಛವಾಗಿ ನಿಲ್ಲುವುದು ಸುಲಭದ ಮಾತಲ್ಲ. ಈ ಸಲ ಕೇಳುವಾಗ ಅದನ್ನೇ ಗಮನಿಸಿ.

ಉಳಿದವುಗಳನ್ನು ಬೇಗ ಹೇಳುತ್ತೇನೆ. ಯೋಡಾ ಥೀಮ್‌ನಲ್ಲಿ ತೀವ್ರ ಮಧ್ಯಮ ಇಣುಕುತ್ತದೆ. ಯಮನ್ ಕೇಳಿ ಬೆಳೆದ ಕಿವಿಗೆ ಆ ಸ್ವರ ಬಂದ ಕೂಡಲೇ ಗೊತ್ತಾಗುತ್ತದೆ. ಅಷ್ಟು ಸಣ್ಣ ದೇಹದ ಗುರುವಿಗೆ ಅಷ್ಟು ವಿಶಾಲವಾದ ರಾಗ ಕೊಟ್ಟಿದ್ದು ನನಗೆ ತುಂಬಾ ಹಿಡಿಸಿತು. ರಾಜಕುಮಾರಿ ಲೇಯಾ ಥೀಮ್ ಪ ದಿಂದ ಮೇಲಿನ ಗ ಕ್ಕೆ ಒಂದೇ ಜಿಗಿತದಲ್ಲಿ ಏರುತ್ತದೆ. 2002ರ ಪ್ರೇಮದ ಥೀಮ್, ಅಕ್ರಾಸ್ ದಿ ಸ್ಟಾರ್ಸ್, ಆ ಸಿನಿಮಾದ ಪ್ರೇಮದ ಮಾತುಗಳಿಗಿಂತ ಎಷ್ಟೋ ಪಾಲು ಮೇಲು. 2015ರ ನಾಯಕಿ ರೇ ಥೀಮ್ ಕೂಡ ಒಳ್ಳೆಯದೇ. ಅದೇ ಸಿನಿಮಾದ ಮಾರ್ಚ್ ಆಫ್ ದಿ ರೆಸಿಸ್ಟೆನ್ಸ್ ಮಾತ್ರ ನನ್ನ ಮನಸ್ಸಿಗೆ ಇಳಿಯಲಿಲ್ಲ.

1999ರ ಸಿನಿಮಾಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಅದರ ಡ್ಯುಯೆಲ್ ಆಫ್ ದಿ ಫೇಟ್ಸ್‌ನಲ್ಲಿ ಕೋರಸ್ ಹಾಡುವುದು ಸಂಸ್ಕೃತದಲ್ಲಿ. ವೇಲ್ಸ್ ಭಾಷೆಯ ಹಳೆಯ ಪದ್ಯವೊಂದರ ಸಾಲುಗಳನ್ನು ಸಂಸ್ಕೃತಕ್ಕೆ ತಂದು, ಅರ್ಥ ನೋಡದೆ ನಾದಕ್ಕೆ ತಕ್ಕಂತೆ ಅಕ್ಷರಗಳನ್ನು ಜೋಡಿಸಿದ್ದಾರೆ. ಮನೆಯಲ್ಲಿ ದಿನಾ ಶ್ಲೋಕ ಕೇಳುವವರಿಗೂ ಒಂದು ಪದ ಸರಿಯಾಗಿ ಸಿಗುವುದಿಲ್ಲ. ಅರ್ಥ ಹುಡುಕಬೇಡಿ. ಕತ್ತಿ ಕಾಳಗದ ಹೊತ್ತಿನಲ್ಲಿ ಆ ಗಡಸು ಅಕ್ಷರಗಳು ಮಾಡುವ ಕೆಲಸ ನೋಡಿ.

ಅದೇ ಸಿನಿಮಾದ ಅನಾಕಿನ್ ಥೀಮ್, ಮುಂದೆ ವೇಡರ್ ಆಗುವ ಮುದ್ದು ಹುಡುಗನ ರಾಗ. ಆದರೆ ಕೊನೆಗೆ ಬಂದಾಗ ಅದರೊಳಗಿಂದ ವೇಡರ್‌ನ ಮಾರ್ಚ್‌ನ ತುಣುಕು ಹೊರಗೆ ಬರುತ್ತದೆ. ಸಿನಿಮಾದ ಕೊನೆಯಲ್ಲಿ ಮಕ್ಕಳು ಹಾಡಿ ಸಂಭ್ರಮಿಸುವ ಮೆರವಣಿಗೆ ಇದೆ. ಆ ರಾಗ 1983ರ ದುಷ್ಟ ಚಕ್ರವರ್ತಿಯ ಥೀಮೇ, ಕೋಮಲ ಸ್ವರಗಳನ್ನು ಶುದ್ಧ ಮಾಡಿ ಕುಣಿಸಿದ್ದಾರೆ. ಊರೆಲ್ಲ ಗೆದ್ದೆವು ಅಂತ ಕುಣಿಯುತ್ತಿರುವಾಗ ನಿಜವಾಗಿ ಗೆದ್ದವನು ಯಾರು ಅಂತ ವಿಲಿಯಮ್ಸ್ ಅಲ್ಲೇ ಹೇಳಿಬಿಟ್ಟಿದ್ದಾರೆ. ಮೊದಲು ಚಕ್ರವರ್ತಿಯ ಥೀಮ್, ಅದರ ಹಿಂದೆಯೇ ಈ ಮೆರವಣಿಗೆ, ಹೀಗೆ ಒಂದರ ಹಿಂದೆ ಒಂದು ಹಾಕಿ ಕೇಳಿ. ಇಯರ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು.