ಹಳ್ಳಿ, ಹೆಣ, ಹನಿಮೂನ್: ಪತ್ತೇದಾರಿ ಜೋಡಿಗಳ ಪ್ರೀತಿ ಕಥೆ ಕೆಡಿಸುತ್ತದಾ?

ನಿಮ್ಮ ಪ್ರಶ್ನೆ ಇದು: ಇಂಗ್ಲಿಷ್ ಹಳ್ಳಿಯ ಕೊಲೆ ಕಥೆಗಳಲ್ಲಿ ತನಿಖೆ ಮಾಡುವ ಇಬ್ಬರು ಪ್ರೀತಿಸತೊಡಗಿದರೆ ಒಂದೋ ಕೊಲೆ ಮರೆತುಹೋಗುತ್ತದೆ, ಇಲ್ಲಾ ಪ್ರೀತಿ ಸುಮ್ನೆ ಮೇಲಿನ ಒಗ್ಗರಣೆ ಆಗುತ್ತದೆ. ಎರಡನ್ನೂ ನೆಟ್ಟಗೆ ನಿಭಾಯಿಸಿದವರು ಇದ್ದಾರಾ? ಯಾವುದರಿಂದ ಓದಲು ಶುರು ಮಾಡಲಿ?

ಇದ್ದಾರೆ. ನನ್ನ ಉತ್ತರ ಇಂಗ್ಲಿಷ್ ಪತ್ತೇದಾರಿ ಕಾದಂಬರಿಕಾರ್ತಿ ಡೊರೊಥಿ ಸೇಯರ್ಸ್. ಬೇರೆಯವರ ಬಗ್ಗೆಯೂ ಹೇಳುತ್ತೇನೆ, ಆದರೆ ಜಾಸ್ತಿ ಜಾಗ ಇವರಿಗೇ.

ನಿಮ್ಮ ಅನುಮಾನ ಹಳೆಯದು. 1928ರಲ್ಲಿ ಅಮೆರಿಕದ ಎಸ್. ಎಸ್. ವ್ಯಾನ್ ಡೈನ್ ಪತ್ತೇದಾರಿ ಕಥೆಗೆ 20 ನಿಯಮ ಬರೆದರು. ಅದರಲ್ಲಿ ಮೂರನೆಯದೇ ಪ್ರೇಮ ಬೇಡ ಅನ್ನೋದು. ಅಪರಾಧಿಯನ್ನು ಕಟಕಟೆಗೆ ತರುವುದು ನಮ್ಮ ಕೆಲಸ, ಪ್ರೇಮಿಗಳನ್ನು ಮದುವೆಗೆ ತಂದು ನಿಲ್ಲಿಸುವುದಲ್ಲ ಎಂಬುದು ಅವರ ವಾದ. ತಮಾಷೆ ನೋಡಿ, ಅದೇ ವರ್ಷ ಸೇಯರ್ಸ್ ಕೂಡ ತಾವು ಸಂಪಾದಿಸಿದ ಕಥಾಸಂಕಲನದ ಮುನ್ನುಡಿಯಲ್ಲಿ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದರು. ಇಂಥ ಕಥೆಯಲ್ಲಿ ಪ್ರೀತಿ ಎಷ್ಟು ಕಮ್ಮಿಯೋ ಅಷ್ಟು ವಾಸಿ ಅಂತ. ಎರಡೇ ವರ್ಷದಲ್ಲಿ ತಮ್ಮ ಮಾತು ತಾವೇ ಮುರಿದರು.

ಪ್ರೀತಿಯಿಂದ ಕಥೆಗೆ ನಿಜವಾದ ತೊಡಕು ಎಲ್ಲಿ ಬರುತ್ತದೆ ಗೊತ್ತಾ? ಹಳೆ ಕಾಲದ ಪತ್ತೇದಾರ ಕೊನೆಯ ಅಧ್ಯಾಯದವರೆಗೆ ತನ್ನ ಅನುಮಾನವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಜೊತೆಗಾರನಿಗೆ ಅರ್ಧ ಹೇಳುತ್ತಾನೆ, ಓದುಗರಿಗೂ ಅಷ್ಟೇ ಸಿಗುತ್ತದೆ. ಜೊತೆಗಾರ ಸ್ನೇಹಿತನಾದರೆ ಇದು ನಡೆಯುತ್ತದೆ. ಆದರೆ ಕಟ್ಟಿಕೊಂಡ ಹೆಂಡತಿಗೆ ಅರ್ಧ ಹೇಳಿ ಮುಸಿಮುಸಿ ನಕ್ಕರೆ? ಆ ಮದುವೆ ಮೇಲೆ ನಮಗೇ ನಂಬಿಕೆ ಹೋಗುತ್ತದೆ. ಅಂದರೆ ಗುಟ್ಟು ಮುಚ್ಚಿಡುವುದು ಕೊಲೆ ಕಥೆಯ ಬಂಡವಾಳ, ಅದೇ ಗುಟ್ಟು ಸಂಸಾರಕ್ಕೆ ವಿಷ. ಇದನ್ನು ಕಂಡೂ ಕಾಣದಂತೆ ಇರುವ ಲೇಖಕರ ಪುಸ್ತಕಗಳಲ್ಲಿ ಪ್ರೀತಿ ಬೇರೆ, ತನಿಖೆ ಬೇರೆ ಅಂತ ಎರಡು ದಾರಿ ಹಿಡಿಯುತ್ತವೆ. ಸೇಯರ್ಸ್ ಈ ಜಗಳವನ್ನೇ ಕಥೆ ಮಾಡಿಕೊಂಡರು.

1930ರ 'ಸ್ಟ್ರಾಂಗ್ ಪಾಯಿಸನ್'ನಲ್ಲಿ ಹ್ಯಾರಿಯೆಟ್ ವೇನ್ ಕಟಕಟೆಯಲ್ಲಿ ನಿಂತಿರುತ್ತಾಳೆ. ಅವಳೂ ಪತ್ತೇದಾರಿ ಕಾದಂಬರಿ ಬರೆಯುವವಳು. ಹಿಂದೆ ಜೊತೆಗಿದ್ದ ಗಂಡಸಿಗೆ ಆರ್ಸೆನಿಕ್ ಹಾಕಿ ಕೊಂದಳು ಎಂಬ ಆರೋಪ. ಸೇಯರ್ಸ್ ಅವರ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿ ಅವಳನ್ನು ನೋಡುತ್ತಾನೆ, ಪ್ರೀತಿಸುತ್ತಾನೆ, ಜೈಲಿನಲ್ಲೇ ಮದುವೆ ಕೇಳುತ್ತಾನೆ, ಗಲ್ಲಿನಿಂದ ಉಳಿಸುತ್ತಾನೆ. ಬೇರೆ ಯಾರೇ ಆಗಿದ್ದರೂ ಕೊನೆಯ ಪುಟದಲ್ಲಿ ಮದುವೆ ಮಾಡಿಸಿ ಕೈತೊಳೆದುಕೊಳ್ಳುತ್ತಿದ್ದರು. ಸೇಯರ್ಸ್ ಯೋಚನೆಯೂ ಅದೇ ಇತ್ತು. ಬರೆಯುತ್ತಾ ಬರೆಯುತ್ತಾ ಅದು ಆಗದ ಮಾತು ಅಂತ ಅವರಿಗೇ ಅನಿಸಿತು. ಜೀವ ಉಳಿಸಿದವನ ಋಣದಲ್ಲಿ ಇರುವ ಹೆಣ್ಣು ಸ್ವಾಭಿಮಾನ ಬಿಡದೆ 'ಹೂಂ' ಅನ್ನುವುದಾದರೂ ಹೇಗೆ? ಅವಳು ಬೇಡ ಅಂದಳು.

ಆ 'ಬೇಡ' ಐದು ವರ್ಷ ನಡೆಯಿತು. 1932ರ 'ಹ್ಯಾವ್ ಹಿಸ್ ಕಾರ್ಕಸ್'ನಲ್ಲಿ ಕಡಲ ದಂಡೆಯಲ್ಲಿ ಹೆಣ ಸಿಗುವುದು ಹ್ಯಾರಿಯೆಟ್‌ಗೆ. ಪೀಟರ್ ಓಡಿ ಬರುತ್ತಾನೆ. ಹಿಂದೆ ಕೊಲೆ ಆರೋಪ ಹೊತ್ತವಳು, ಪೊಲೀಸರ ಕಣ್ಣು ಮೊದಲು ಅವಳ ಮೇಲೇ ಬೀಳಬಹುದು ಅಂತ. ಅವಳಿಗೆ ಅದು ಗೊತ್ತಾದಾಗ ಕೃತಜ್ಞತೆ ಬರುವುದಿಲ್ಲ, ಸಿಟ್ಟು ಬರುತ್ತದೆ. ಮತ್ತೆ ಋಣ, ಮತ್ತೆ ಉಪಕಾರ! ಇಬ್ಬರೂ ಸೇರಿ ಒಂದು ಗುಪ್ತಲಿಪಿ ಬಿಡಿಸುವ ಉದ್ದನೆಯ ಅಧ್ಯಾಯವೂ ಇದೆ. (ಅದನ್ನು ಹಾರಿಸಿ ಓದಿದರೆ ಯಾರೂ ಬೈಯುವುದಿಲ್ಲ.) ಕೊನೆಗೆ ಅವಳು ಒಪ್ಪುವುದು 1935ರ 'ಗಾಡಿ ನೈಟ್'ನಲ್ಲಿ, ಆಕ್ಸ್‌ಫರ್ಡ್‌ನಲ್ಲಿ. ಅದರಲ್ಲಿ ಕೊಲೆಯೇ ನಡೆಯುವುದಿಲ್ಲ. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಯಾರೋ ಹೊಲಸು ಪತ್ರ ಬರೆಯುತ್ತಿರುತ್ತಾರೆ, ಅಷ್ಟೇ. ಅಪಾಯ ಇದೆ ಅಂತ ಗೊತ್ತಿದ್ದೂ ಪೀಟರ್ ಅವಳನ್ನು ತಡೆಯುವುದಿಲ್ಲ. ಅವಳ ಕೆಲಸ ಅವಳದು ಎಂದು ಬಿಡುತ್ತಾನೆ. ಅವಳ ಮನಸ್ಸು ತಿರುಗಲು ಇದು ದೊಡ್ಡ ಕಾರಣ ಅಂತ ನನ್ನ ಓದು.

ಇಷ್ಟೆಲ್ಲ ಆದ ಮೇಲೆ ಹಳ್ಳಿ ಬರುತ್ತದೆ. 'ಬಸ್‌ಮನ್ಸ್ ಹನಿಮೂನ್', 1937. ಮೊದಲು ಗೆಳತಿಯ ಜೊತೆ ಸೇರಿ ನಾಟಕವಾಗಿ ಬರೆದದ್ದು, ಆಮೇಲೆ ಕಾದಂಬರಿ ಆಯಿತು. ತಾವು ಬರೆಯುತ್ತಿರುವುದು ಪ್ರೇಮಕಥೆ, ನಡುನಡುವೆ ಪತ್ತೇದಾರಿಕೆ ಅಡ್ಡ ಬರುತ್ತದೆ ಅಂತ ಸೇಯರ್ಸ್ ಉಪಶೀರ್ಷಿಕೆಯಲ್ಲೇ ಹೇಳಿಬಿಟ್ಟರು. ಹರ್ಟ್‌ಫರ್ಡ್‌ಶೈರ್‌ನ ಪ್ಯಾಗಲ್‌ಹ್ಯಾಮ್ ಎಂಬ ಕಲ್ಪನೆಯ ಹಳ್ಳಿ. ಹ್ಯಾರಿಯೆಟ್ ಚಿಕ್ಕಂದಿನಲ್ಲಿ ಆಸೆಪಟ್ಟಿದ್ದ ಹಳೆ ಮನೆಯನ್ನು ಪೀಟರ್ ಕೊಂಡಿದ್ದಾನೆ. ಮದುವೆಯ ರಾತ್ರಿ ಬಂದರೆ ಮನೆಗೆ ಬೀಗ, ಮನೆ ಮಾರಿದ ಹಳೆ ಮಾಲೀಕ ನೋಕ್ಸ್ ಪತ್ತೆಯಿಲ್ಲ, ಅಡಿಗೆ ಇಲ್ಲ, ಚಿಮಣಿ ಕಟ್ಟಿಕೊಂಡಿದೆ. ಹೇಗೋ ರಾತ್ರಿ ಕಳೆಯುತ್ತಾರೆ. ಬೆಳಿಗ್ಗೆ ಚಿಮಣಿ ತೆಗೆಯುವವನು ಬರುತ್ತಾನೆ, ಪಾದ್ರಿ ಬರುತ್ತಾನೆ, ಸಾಲ ವಸೂಲಿಗೆ ಒಬ್ಬ ಬರುತ್ತಾನೆ. ಆಮೇಲೆ ನೆಲಮಾಳಿಗೆಯಲ್ಲಿ ನೋಕ್ಸ್ ಹೆಣ ಸಿಗುತ್ತದೆ. ಅಂದರೆ ಇವರು ಮೊದಲ ರಾತ್ರಿ ಕಳೆದದ್ದು ಹೆಣದ ಮೇಲಿನ ಮಹಡಿಯಲ್ಲಿ!

ಅಲ್ಲಿಂದ ಮುಂದೆ ಮಧುಚಂದ್ರಕ್ಕೆ ಒಂದು ಬಾಗಿಲೂ ಮುಚ್ಚುವುದಿಲ್ಲ. ಪೊಲೀಸ್ ಸೂಪರಿಂಟೆಂಡೆಂಟ್ ಹಾಲ್‌ನಲ್ಲಿ ಕೂತು ಪೀಟರ್ ಜೊತೆ ಕವಿತೆಯ ಸಾಲು ಹೇಳುವ ಪೈಪೋಟಿ ನಡೆಸುತ್ತಾನೆ. ಕೆಲಸದ ಮಿಸೆಸ್ ರಡಲ್ ದುಬಾರಿ ಪೋರ್ಟ್ ವೈನ್ ಬಾಟಲಿಗಳನ್ನು ಧೂಳು ಹಿಡಿದಿವೆ ಅಂತ ತೊಳೆದಿಡುತ್ತಾಳೆ. ಅವನ್ನು ಲಂಡನ್‌ನಿಂದ ಮಗುವಿನಂತೆ ಜೋಪಾನವಾಗಿ ತಂದಿದ್ದ ಪೀಟರ್‌ನ ಸೇವಕ ಬಂಟರ್, ಎಂದೂ ದನಿ ಏರಿಸದ ಮನುಷ್ಯ, ಆವತ್ತು ಕಿರುಚಾಡುತ್ತಾನೆ. ಗಂಡ ಹೆಂಡತಿ ಮುತ್ತು ಕೊಟ್ಟರೂ ಯಾರಾದರೂ ನೋಡುತ್ತಾರೆ. ಹಳ್ಳಿ ಅಂದರೆ ಹಾಗೇ ಅಲ್ವಾ?

ಈ ನಗೆಯ ಅಡಿಯಲ್ಲೇ ಗಟ್ಟಿಯಾದ ಪ್ರಶ್ನೆ ಕೂತಿದೆ. ಸತ್ತವನ ಹತ್ತಿರದ ಸಂಬಂಧಿ ಮಿಸ್ ಟ್ವಿಟರ್ಟನ್. ಕೋಳಿ ಸಾಕಿಕೊಂಡಿರುವ, ವಯಸ್ಸು ಮೀರಿದ ಒಂಟಿ ಹೆಂಗಸು. ಅವಳು ಹ್ಯಾರಿಯೆಟ್ ಎದುರು ಅತ್ತು ಮನಸ್ಸು ತೋಡಿಕೊಳ್ಳುತ್ತಾಳೆ. ತನಿಖೆ ಅಂದ ಮೇಲೆ ಇಂಥ ಕಣ್ಣೀರನ್ನೂ ಕೆದಕಬೇಕಾಗುತ್ತದೆ. ಹ್ಯಾರಿಯೆಟ್‌ಗೆ ಇದು ಹೇಸಿಗೆ ಅನಿಸುತ್ತದೆ. ಆಗ ಪೀಟರ್, ನೀನು ಬೇಡ ಅಂದರೆ ಈಗಲೇ ಎಲ್ಲ ಬಿಟ್ಟು ಹೊರಡೋಣ ಅನ್ನುತ್ತಾನೆ. ನಿಜವಾಗಿಯೂ ಹೊರಡುತ್ತಿದ್ದ. ಅವಳಿಗೆ ದಿಗಿಲಾಗುವುದೇ ಅಲ್ಲಿ. ತನ್ನನ್ನು ಮದುವೆಯಾದ ಕಾರಣಕ್ಕೆ ಈ ಮನುಷ್ಯ ಚಿಕ್ಕವನಾದರೆ ಈ ಸಂಸಾರಕ್ಕೆ ಏನು ಬೆಲೆ? ನಿನಗೆ ಸರಿ ಅನಿಸಿದ್ದನ್ನೇ ಮಾಡು ಅನ್ನುತ್ತಾಳೆ. ಇಲ್ಲಿ ಕೊಲೆಯನ್ನು ತೆಗೆದುಬಿಟ್ಟರೆ ಪ್ರೀತಿಯೂ ಉಳಿಯುವುದಿಲ್ಲ. ನಾನು ಹೇಳಲು ಹೊರಟಿರುವುದೂ ಇಷ್ಟೇ: ಇಬ್ಬರ ನಡುವಿನ ತಕರಾರು ತನಿಖೆಯ ಒಳಗಿಂದಲೇ ಹುಟ್ಟಿರಬೇಕು.

ಇನ್ನೊಂದು ವಿಷಯ ಈಗಿನ ಓದುಗರು ಮರೆಯುತ್ತಾರೆ. ಆಗ ಬ್ರಿಟನ್‌ನಲ್ಲಿ ಕೊಲೆಗೆ ಗಲ್ಲು ಇತ್ತು. ಕೊನೆಯ ಗಲ್ಲು ಆದದ್ದು 1964ರಲ್ಲಿ, ಮರುವರ್ಷ ಕಾನೂನು ಬದಲಾಯಿತು. ಪೀಟರ್ ಬಾಯಿಂದ ಒಂದು ಹೆಸರು ಹೊರಬಿದ್ದರೆ ಒಬ್ಬ ಮನುಷ್ಯ ಸಾಯುತ್ತಾನೆ. ಮೊದಲ ಮಹಾಯುದ್ಧದಲ್ಲಿ ಜನರನ್ನು ಸಾವಿಗೆ ಕಳಿಸಿ ನರಗಳೇ ಕುಸಿದಿದ್ದವನು ಅವನು. ಹಾಗಾಗಿ ಅಪರಾಧಿ ಸಿಕ್ಕ ಮೇಲೂ ಪುಸ್ತಕ ಮುಗಿಯುವುದಿಲ್ಲ. ಅದೇ ಅಪರಾಧಿಗೆ ಒಳ್ಳೆಯ ವಕೀಲನನ್ನು ಪೀಟರ್ ತಾನೇ ಇಟ್ಟುಕೊಡುತ್ತಾನೆ. ಗಲ್ಲಿನ ಹಿಂದಿನ ರಾತ್ರಿ ಪೀಟರ್ ಒಬ್ಬನೇ ಒದ್ದಾಡುತ್ತಿರುತ್ತಾನೆ. ಹ್ಯಾರಿಯೆಟ್ ಹೋಗಿ ಬಾಗಿಲು ತಟ್ಟುವುದಿಲ್ಲ. ತಾನಾಗಿ ಬರಲಿ ಅಂತ ಕಾಯುತ್ತಾಳೆ. ಬರುತ್ತಾನೆ. ಪತ್ತೇದಾರಿ ಕಥೆಗಳಲ್ಲಿ ನಾನು ಓದಿದ ಅತಿ ಒಳ್ಳೆಯ ಪ್ರೇಮದ ದೃಶ್ಯ ಅದೇ. ಅದರಲ್ಲಿ ಪ್ರೇಮದ ಮಾತು ಕಮ್ಮಿ.

ನಯೋ ಮಾರ್ಷ್ ಅವರ ಇನ್ಸ್‌ಪೆಕ್ಟರ್ ಆಲಿನ್, ಚಿತ್ರಕಲಾವಿದೆ ಟ್ರಾಯ್ ನಡುವೆಯೂ ಇದೇ ಹಗ್ಗ ತೂಗುತ್ತಿರುತ್ತದೆ. ಟ್ರಾಯ್‌ಗೆ ಮರಣದಂಡನೆ ಆಗದು. ಅವಳು ಪ್ರೀತಿಸುವವನ ಕೆಲಸವೇ ಅದಕ್ಕೆ ದಾರಿ ಮಾಡಿಕೊಡುವುದು. ಮಾರ್ಷ್ ಇದನ್ನು ಮುಟ್ಟಿ ಬಿಡುತ್ತಾರೆ, ಸೇಯರ್ಸ್‌ನಷ್ಟು ಆಳಕ್ಕೆ ಇಳಿಯುವುದಿಲ್ಲ.

ಅಗಾಥಾ ಕ್ರಿಸ್ಟಿ ಬೇರೆ ದಾರಿ ಹಿಡಿದರು. 1922ರಲ್ಲಿ ಬಂದ ಟಾಮಿ, ಟಪೆನ್ಸ್ ಜೋಡಿಗೆ ಬೇಗ ಮದುವೆ ಮಾಡಿಸಿ, ಮನಸ್ತಾಪದ ಮಾತನ್ನೇ ದೂರವಿಟ್ಟರು. ಅವರ ಪ್ರೀತಿ ಇರುವುದು ಚೇಷ್ಟೆಯಲ್ಲಿ. 1941ರ 'ಎನ್ ಆರ್ ಎಂ?'ನಲ್ಲಿ ಟಾಮಿಗೆ ಗುಪ್ತ ಕೆಲಸ ಬರುತ್ತದೆ, ಹೆಂಡತಿಗೂ ಹೇಳಬಾರದು ಅಂತ ತಾಕೀತು. ಅವನು ಸುಳ್ಳು ಹೇಳಿ ಹೊರಟು ಕಡಲೂರಿನ ಬೋರ್ಡಿಂಗ್ ಮನೆ ತಲುಪಿದರೆ ಅಲ್ಲಿ ಟಪೆನ್ಸ್ ಆಗಲೇ ಮಿಸೆಸ್ ಬ್ಲೆಂಕೆನ್ಸಾಪ್ ಎಂಬ ವಿಧವೆಯ ವೇಷದಲ್ಲಿ ಕೂತಿದ್ದಾಳೆ. ಎಲ್ಲಾ ಕದ್ದು ಕೇಳಿಸಿಕೊಂಡಿದ್ದಳು. ಗುಟ್ಟಿನ ಸಮಸ್ಯೆಗೆ ಕ್ರಿಸ್ಟಿ ಕೊಟ್ಟ ಉತ್ತರ ಇಷ್ಟು ಸರಳ! ಹಳ್ಳಿಯ ಕಥೆಯೇ ಬೇಕೆಂದರೆ 1968ರ 'ಬೈ ದ ಪ್ರಿಕಿಂಗ್ ಆಫ್ ಮೈ ಥಂಬ್ಸ್' ಇದೆ. ಟಾಮಿ, ಟಪೆನ್ಸ್ ಏನಾದರು ಅಂತ ಪತ್ರ ಬರೆದು ಕೇಳುತ್ತಿದ್ದ ಓದುಗರಿಗೇ ಆ ಪುಸ್ತಕದ ಅರ್ಪಣೆ. ಇಬ್ಬರಿಗೂ ವಯಸ್ಸಾಗಿದೆ. ಒಂದು ಚಿತ್ರದಲ್ಲಿ ಕಂಡ ಮನೆಯನ್ನು ಹುಡುಕಿಕೊಂಡು ಟಪೆನ್ಸ್ ಒಬ್ಬಳೇ ಹೊರಡುತ್ತಾಳೆ. ಟಾಮಿ ಮನೆಗೆ ಬಂದರೆ ಅವಳಿಲ್ಲ. ಎಳೆಗಳು ಸ್ವಲ್ಪ ಸಡಿಲ, ಆದರೂ ಮುದುಕರ ದಾಂಪತ್ಯದ ಬಿಸಿ ಅದರಲ್ಲಿದೆ.

ಇನ್ನು ಎಂ. ಸಿ. ಬೀಟನ್ ಅವರ ಅಗಾಥಾ ರೈಸಿನ್ ಎಂಬ ಪತ್ತೇದಾರಿಣಿ. 1992ರಿಂದ ಶುರುವಾದ ಸರಣಿ, ಕಾಟ್ಸ್‌ವೋಲ್ಡ್ಸ್‌ನ ಕಾರ್ಸ್ಲಿ ಎಂಬ ಹಳ್ಳಿ. ಪಕ್ಕದ ಮನೆಯ ಜೇಮ್ಸ್ ಲೇಸಿ ಮೇಲೆ ಅವಳಿಗೆ ಮನಸ್ಸು. 1996ರ ಪುಸ್ತಕದಲ್ಲಿ ಇಬ್ಬರ ಮದುವೆ ದಿನವೇ ಅವಳ ಮೊದಲ ಗಂಡ ಪ್ರತ್ಯಕ್ಷ ಆಗುತ್ತಾನೆ, ಆಮೇಲೆ ಕೊಲೆಯಾಗುತ್ತಾನೆ, ಅನುಮಾನ ಈ ಇಬ್ಬರ ಮೇಲೇ. ಮುರಿದ ಮದುವೆಯೇ ಕೇಸಿಗೆ ಕಾರಣ, ಬಹಳ ಚೆನ್ನಾದ ಹೂಟ. ಆದರೆ ಸರಣಿ ಮುಂದುವರಿದಂತೆ ಪ್ರೀತಿ ಮುಂದಿನ ಪುಸ್ತಕ ಮಾರುವ ಎಳೆ ಆಗುತ್ತದೆ. ಪ್ರಯಾಣಕ್ಕೆ ಒಳ್ಳೆಯ ಓದು, ಅಷ್ಟು ಸಾಕು.

ಎಲ್ಲಿಂದ ಶುರು ಅಂದಿರಿ. ತಾಳ್ಮೆ ಇದ್ದರೆ 'ಸ್ಟ್ರಾಂಗ್ ಪಾಯಿಸನ್' ಓದಿ ನೇರ 'ಗಾಡಿ ನೈಟ್'ಗೆ ಹೋಗಿ, ಅಲ್ಲಿಂದ ಹನಿಮೂನ್‌ಗೆ. 'ಗಾಡಿ ನೈಟ್' ದಪ್ಪ ಪುಸ್ತಕ, ಲ್ಯಾಟಿನ್ ಸಾಲುಗಳು ಬೇರೆ. ಅರ್ಥವಾಗದಿದ್ದರೂ ನಿಲ್ಲಬೇಡಿ, ಕಥೆ ತಪ್ಪಿಹೋಗುವುದಿಲ್ಲ. ತಾಳ್ಮೆ ಇಲ್ಲ ಅಂದರೆ ಟಪೆನ್ಸ್‌ನಿಂದ ಶುರು ಮಾಡಿ. ಒಂದೇ ಒಂದು ಕೆಲಸ ಮಾಡಬೇಡಿ: 'ಬಸ್‌ಮನ್ಸ್ ಹನಿಮೂನ್' ಮೊದಲು ಓದಬೇಡಿ. ಹ್ಯಾರಿಯೆಟ್ ಐದು ವರ್ಷ ಯಾಕೆ ಬೇಡ ಅಂದಳು ಅಂತ ಗೊತ್ತಿಲ್ಲದಿದ್ದರೆ ಅವಳು ಆ ರಾತ್ರಿ ಬಾಗಿಲು ತಟ್ಟದೆ ಯಾಕೆ ಕೂತಳು ಅನ್ನೋದು ನಿಮಗೆ ತಿಳಿಯುವುದಿಲ್ಲ.