ಬಡಿತದ ಲೆಕ್ಕ ಕೆಡಿಸಿದ ಬಾವಲಿ

ಪ್ರತಿ ಪ್ರಾಣಿಯ ಹೃದಯವೂ ಇಷ್ಟೇ ಸಲ ಬಡಿಯುವುದು ಅಂತ ಮೊದಲೇ ಲೆಕ್ಕ ಇರುತ್ತದಂತೆ, ನಿಜವೇ ಎಂದು ಕೇಳಿದ್ದೀರಿ. ಓಡಿದರೆ ಬಡಿತ ಖರ್ಚಾಗುತ್ತದೆ, ವ್ಯಾಯಾಮ ಬಿಡಬೇಕೇ ಎಂದೂ ಕೇಳಿದ್ದೀರಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈ ಮಾತು ಬಂದಾಗ ಮಕ್ಕಳಿಂದಲೇ ಗುಣಾಕಾರ ಮಾಡಿಸುತ್ತೇನೆ. ಸುಂಡಿಲಿಯ ಹೃದಯ ನಿಮಿಷಕ್ಕೆ ಸುಮಾರು 600 ಸಲ ಬಡಿಯುತ್ತದೆ, ಆಯಸ್ಸು ಹೆಚ್ಚೆಂದರೆ 3 ವರ್ಷ. ಆನೆಗೆ 30 ಬಡಿತ, 60 ವರ್ಷ. ಎರಡಕ್ಕೂ ಬರುವ ಉತ್ತರ ಸುಮಾರು 95 ಕೋಟಿ! ಮಕ್ಕಳು ಬೆರಗಾಗುತ್ತಾರೆ. ಈಗ ನಿಮ್ಮದೇ ಲೆಕ್ಕ ಹಾಕಿ ಎನ್ನುತ್ತೇನೆ. ನಿಮಿಷಕ್ಕೆ 70, ವರ್ಷ 70. ಬರುವುದು 257 ಕೋಟಿ. ಅಲ್ಲಿಗೆ ಲೆಕ್ಕ ಹಳ್ಳ ಹಿಡಿಯಿತು.

ಉಳಿದದ್ದನ್ನು ಕೆಡಿಸುವುದು ಬಾವಲಿ. ಸೈಬೀರಿಯಾದಲ್ಲಿ ಗುರುತಿನ ಬಳೆ ಹಾಕಿ ಬಿಟ್ಟಿದ್ದ ಬ್ರಾಂಟ್ ಬಾವಲಿಯೊಂದು 41 ವರ್ಷದ ಮೇಲೆ ಜೀವಂತ ಸಿಕ್ಕಿತು. ಈ ಜಾತಿಯ ತೂಕ ಸುಮಾರು 7 ಗ್ರಾಂ, ಸುಂಡಿಲಿಗಿಂತ ಕಡಿಮೆ! ಸಣ್ಣ ಮೈಯ ಹೃದಯ ಬೇಗ ಬಡಿಯುತ್ತದೆ, ಆ ಲೆಕ್ಕಕ್ಕೆ ಇದು ಸುಂಡಿಲಿಯಷ್ಟೇ ಬೇಗ ಸಾಯಬೇಕಿತ್ತು. ಚಳಿಗಾಲವಿಡೀ ನಿದ್ದೆ ಹೊಡೆಯುತ್ತದಲ್ಲ, ಅದಕ್ಕೇ ಇರಬೇಕು ಅಂತೀರಾ? ಅದರ ಪಾಲೂ ಇದೆ. ಆದರೆ ನಮ್ಮ ಆಲದ ಮರಗಳಲ್ಲಿ ನೇತಾಡುವ ದೊಡ್ಡ ಹಣ್ಣುಬಾವಲಿ ಅಂಥ ನಿದ್ದೆ ಮಾಡುವುದಿಲ್ಲ. ಅದೂ ಮೃಗಾಲಯದಲ್ಲಿ 30 ವರ್ಷ ದಾಟಿದೆ.

ವ್ಯತ್ಯಾಸ ಎಲ್ಲಿದೆ ಅಂದರೆ, ಯಾರ ಬಾಯಿಗೆ ಬೀಳುತ್ತೀರಿ ಎಂಬುದರಲ್ಲಿ. ಸುಂಡಿಲಿಯನ್ನು ವರ್ಷದೊಳಗೆ ಬೆಕ್ಕೋ ಗೂಬೆಯೋ ಹಾವೋ ಮುಗಿಸುತ್ತದೆ. ಹತ್ತು ವರ್ಷ ಬಾಳಿಕೆ ಬರುವ ಮೈ ಇದ್ದರೂ ಅದಕ್ಕೆ ಉಪಯೋಗವಿಲ್ಲ. ಬೇಗ ಬೇಗ ಮರಿ ಹಾಕಿದ ಇಲಿಯ ವಂಶವೇ ಉಳಿಯಿತು. ಬಾವಲಿ ಹಾರಿ ತಪ್ಪಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ. ಹಾಗಾಗಿ ಮೈಯ ರಿಪೇರಿಗೆ ಖರ್ಚು ಮಾಡಿದ ಬಾವಲಿಗೇ ಲಾಭ.

ಆ ರಿಪೇರಿ ಹೇಗೆ? ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತ ಎಳೆ ಕ್ರೋಮೋಸೋಮ್. ಅದರ ತುದಿಯಲ್ಲಿ ಟೆಲೊಮಿಯರ್ ಎಂಬ ಭಾಗವಿದೆ. ಕೋಶ ಒಡೆದು ಎರಡಾದಾಗಲೆಲ್ಲ ಅದು ಸಾಮಾನ್ಯವಾಗಿ ಸವೆಯುತ್ತದೆ. 2018ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಯುರೋಪಿನ ನಾಲ್ಕು ಜಾತಿಯ ಬಾವಲಿಗಳ ರೆಕ್ಕೆಯಿಂದ ಚಿಟಿಕೆಯಷ್ಟು ಚರ್ಮ ತೆಗೆದು ನೋಡಿದರು. ಎರಡು ಜಾತಿಗಳಲ್ಲಿ ವಯಸ್ಸಾದಂತೆ ಸವೆತವೇ ಕಾಣಲಿಲ್ಲ. ತಮಾಷೆ ಏನೆಂದರೆ, ಸವೆತ ಕಂಡ ಜಾತಿಗಳಲ್ಲಿ ಒಂದಾದ ಕುದುರೆಲಾಳ ಬಾವಲಿಯೂ 30 ವರ್ಷ ಬದುಕಬಲ್ಲದು. ಉಪಾಯ ಒಂದೇ ಅಲ್ಲ ಅನ್ನಿ.

ಇನ್ನು ನಿಮ್ಮ ವ್ಯಾಯಾಮ. ಬಡಿತಕ್ಕೆ ಲೆಕ್ಕ ಇದೆ ಅಂತಲೇ ಸುಮ್ನೆ ಒಪ್ಪಿಕೊಳ್ಳೋಣ. ಅರ್ಧ ಗಂಟೆ ಓಡಿ ನಿಮಿಷಕ್ಕೆ 140 ಬಡಿದರೆ 2,100 ಬಡಿತ ಜಾಸ್ತಿ ಖರ್ಚು. ದಿನಾ ಓಡುವವರ ಹೃದಯ ಉಳಿದ ಹೊತ್ತು ನಿಧಾನವಾಗುತ್ತದೆ. ನಿಮಿಷಕ್ಕೆ ಬರೀ 5 ಕಡಿಮೆಯಾದರೂ ದಿನಕ್ಕೆ 7,050 ಉಳಿತಾಯ. ಶೂ ಹಾಕಿಕೊಳ್ಳಿ.